ಫಾರಂನಲ್ಲಿಲ್ಲದ ಅತ್ತಿಗೆ

ತಿರುಮಲನಿಗೆ ಫಾರಂ ಎಂದರೆ ಭಯವಿಲ್ಲ. ಇದ್ದಿದ್ದರೆ ಓದಿಯಾದರೂ ತುಂಬುತ್ತಿದ್ದ. ಹದಿನೆಂಟು ವರ್ಷ ಅಮೆರಿಕದಲ್ಲಿ ಕಳೆದ ಈ ಮನುಷ್ಯ ಇದುವರೆಗೆ ಸಾವಿರಾರು ಫಾರಂಗಳನ್ನು ಒಂದೇ ಕ್ರಮದಲ್ಲಿ ತುಂಬಿದ್ದಾನೆ. ಮೊದಲು ಕೆಳಗೆ ಸಹಿ, ಆಮೇಲೆ ಮೇಲೆ ಹೆಸರು, ನಡುವೆ ಉಳಿದದ್ದನ್ನೆಲ್ಲ ಕಲ್ಮೇಶನನ್ನು ಕೇಳಿಕೊಂಡು. ಕಲ್ಮೇಶ ಧಾರವಾಡದವನು, ಕ್ಯಾರಲ್ಟನ್‌ನಲ್ಲಿ ಇವನ ಮನೆಯಿಂದ ಎರಡು ಮನೆ ಆಚೆ ಇದ್ದಾನೆ. ಒಂದು ಸಲ ತಾಯಿಯ ಕಣ್ಣಿನ ಆಪರೇಷನ್ನಿಗೆ ಆಫೀಸಿನಿಂದ ರಜೆ ಪಡೆದಿದ್ದ. ಅಂದಿನಿಂದ ಡಲ್ಲಾಸ್ ಸುತ್ತಮುತ್ತಲ ಕನ್ನಡಿಗರಿಗೆಲ್ಲ ಅವನು ರಜೆಯ ಕಾನೂನಿನಲ್ಲಿ ಪಂಡಿತ.

ಈ ಸಲದ ಫಾರಂ ಬಂದದ್ದು ಅನಸೂಯಮ್ಮನವರ ಬಲಗಾಲಿನ ಮಂಡಿಯಿಂದ. ಅನಸೂಯಮ್ಮ ತಿರುಮಲನ ಅತ್ತಿಗೆ, ತೀರಿಕೊಂಡ ಅಣ್ಣ ನರಸಿಂಹನ ಹೆಂಡತಿ. ನಾಲ್ಕು ವರ್ಷದಿಂದ, ಕ್ಯಾರಲ್ಟನ್ನಿನಿಂದ ಮೂರು ಗಂಟೆ ದಾರಿಯ ಜಾರ್ಜ್‌ಟೌನ್‌ನಲ್ಲಿ ಮಗ ಚಿನ್ಮಯನ ಮನೆಯಲ್ಲಿದ್ದಾರೆ. ಮಂಡಿ ಪೂರ್ತಿ ಸವೆದಿದೆ, ಬದಲಾಯಿಸಲೇಬೇಕು ಎಂದು ಎಕ್ಸ್‌ರೇ ನೋಡಿದ ಆಸ್ಟಿನ್ನಿನ ಡಾಕ್ಟರು ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಆಪರೇಷನ್ ಗೊತ್ತು ಮಾಡಿದ್ದರು. ಆಮೇಲೆ ಆರು ವಾರ ಹಗಲು ಹೊತ್ತು ಪಕ್ಕದಲ್ಲಿ ಒಬ್ಬರು ಇರಬೇಕು. ಚಿನ್ಮಯ್ ಹೊಸ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ, ಮನೆಯವರ ಆರೈಕೆಗೆಂದು ಕೊಡುವ ಕಾನೂನಿನ ರಜೆಗೆ ಒಂದು ವರ್ಷ ತುಂಬಿರಬೇಕು. ಅವನ ಹೆಂಡತಿ ದಿಯಾ ವರ್ಷಕ್ಕೆ ಸಿಗುವ ತನ್ನ ಪಾಲಿನ ಹನ್ನೆರಡು ವಾರವನ್ನು ಹೆರಿಗೆಗೆ ಮುಗಿಸಿದ್ದಳು. ಉಳಿದವನು ತಿರುಮಲ. ಸರಕು ಸಾಗಣೆಯ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದಾನೆ. ಸಂಬಳವಿಲ್ಲದ ರಜೆ ಕೊಡುತ್ತಾರೆ, ಹಿಂದಿರುಗುವವರೆಗೆ ಕೆಲಸ ಕಾಯ್ದಿರಿಸುತ್ತಾರೆ. ಡಾಕ್ಟರಿಂದ ಒಂದು ಪ್ರಮಾಣಪತ್ರ ತುಂಬಿಸಿ ಹದಿನೈದು ದಿನದೊಳಗೆ ಹೂಸ್ಟನ್ನಿನ ಮುಖ್ಯ ಕಚೇರಿಗೆ ಕಳಿಸಿದರೆ ಆಯಿತು.

ಇಷ್ಟು ಸರಳವಾದ ಕೆಲಸವನ್ನು ಕೆಡಿಸುವುದು ತಿರುಮಲನೊಬ್ಬನಿಂದ ಆಗುವಂಥದ್ದಲ್ಲ. ನಾಲ್ಕು ಕೈ ಸೇರಲೇಬೇಕು, ಸೇರಿದವು.

ಮೊದಲ ಕೈ ಕಲ್ಮೇಶನದು. ಕ್ಯಾರಲ್ಟನ್ನಿನ ದಿನಸಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದವನ ಮುಂದೆ ತಿರುಮಲ ಫಾರಂ ಹಿಡಿದ.

"ಸಂಬಂಧ ಅಂತ ಕೇಳಿದಾರೆ ನೋಡಿ. ಗಂಡ ಹೆಂಡತಿಗೆ ಒಂದು ಚೌಕ, ತಂದೆ ತಾಯಿಗೆ ಒಂದು, ಮಕ್ಕಳಿಗೆ ಒಂದು. ಅತ್ತಿಗೆಗೆ ಚೌಕಾನೇ ಇಲ್ಲ."

"ಇರೂದಿಲ್ರಿ," ಎಂದ ಕಲ್ಮೇಶ, ನುಗ್ಗೆಕಾಯಿ ಬಗ್ಗಿಸಿ ನೋಡುತ್ತ. "ಈ ಮಂದೀಗೂ ಅಣ್ಣ ಇರ್ತಾನ, ಅಣ್ಣನ ಹೇಣ್ತಿ ಇರ್ತಾಳ. ಆದ್ರ ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಬಂದು ಉಂಡು ಹೋಗ್ತಾರ. ಅವರ ಮೊಣಕಾಲಿಗೆ ಯಾರು ರಜಾ ಕೇಳ್ತಾರ?"

"ಹಾಗಾದ್ರೆ ನಾನೇನು ಬರೀಲಿ?"

"ನಿಮ್ಮ ತಾಯಿಯವರು ನೀವು ಸಣ್ಣಾಂವ ಇದ್ದಾಗನ ತೀರಿಕೊಂಡ್ರು ಅಂದಿದ್ರಿ. ಮುಂದ ಜ್ವಾಕಿ ಮಾಡಿದವರು ಯಾರ್ರಿ?"

"ಅತ್ತಿಗೆ."

"ಮತ್ತ ಮದರ್ ಅಂತ ಬರದ್ಬಿಡ್ರಿ. ಅತ್ತಿಗಿ ಅಂದ್ರ ತಾಯಿ ಸಮಾನ ಅಂತೀವಿಲ್ಲೋ? ಸಮಾನ ಅಂದ ಮ್ಯಾಲ ಮುಗೀತು. ಲೆಕ್ಕದಾಗ ಸಮಾನ ಅಂದ್ರ ಎರಡೂ ಒಂದ."

ತಿರುಮಲನಿಗೆ ಲೆಕ್ಕ ಎಂದರೆ ಚಿಕ್ಕಂದಿನಿಂದಲೂ ವಾದ ಮಾಡುವ ಧೈರ್ಯವಿಲ್ಲ. ಅಲ್ಲೇ ತಕ್ಕಡಿಯ ಮೇಲೆ ಫಾರಂ ಇಟ್ಟು "ಮದರ್" ಎಂದು ಬರೆದ. ಫಾರಂನ ಎರಡನೆಯ ಪುಟದಲ್ಲಿ ಸಣ್ಣ ಅಕ್ಷರದ ಮೂರು ಸಾಲುಗಳಿದ್ದವು. ಓದುಗರು ಆ ಮೂರು ಸಾಲುಗಳನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ತಿರುಮಲ ಅವುಗಳ ಕಡೆ ನೋಡಲೇ ಇಲ್ಲ.

ಎರಡನೆಯ ಕೈ ಸ್ವತಃ ಅತ್ತಿಗೆಯದು. ಪ್ರಮಾಣಪತ್ರ ತುಂಬಿಸಲು ಆಸ್ಟಿನ್ನಿಗೆ ಹೊರಟ ದಿನ ಅವರು ಹಸಿರು ಮೈಸೂರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಸಿಗದ್ದಕ್ಕೆ ಅಂಗಳದ ಗುಲಾಬಿ ಮುಡಿದು ಬಾಗಿಲಲ್ಲಿ ನಿಂತಿದ್ದರು.

"ಅತ್ತಿಗೆ, ನಾವು ಹೋಗ್ತಿರೋದು ಆಸ್ಪತ್ರೆಗೆ."

"ಗೊತ್ತು ಕಣೋ. ಡಾಕ್ಟ್ರ ಮುಂದೆ ರೋಗಿಷ್ಟೆ ಹಾಗೆ ಹೋಗಿ ನಿಲ್ಲೋಕಾಗುತ್ತಾ?"

ಜಾರ್ಜ್‌ಟೌನ್‌ನಿಂದ ಆಸ್ಟಿನ್‌ವರೆಗೆ ಹೆದ್ದಾರಿಯಲ್ಲಿ ರಸ್ತೆ ಎಲ್ಲೆಲ್ಲಿ ಹಳ್ಳಬಿದ್ದಿದೆ ಎಂಬುದು ತಿರುಮಲನಿಗೆ ಅತ್ತಿಗೆಯ "ಅಯ್ಯಮ್ಮಾ"ಗಳಿಂದಲೇ ತಿಳಿಯಿತು. ಒಟ್ಟು ಹದಿನೇಳು, ಎಣಿಸಿ ಒಳಗೊಳಗೇ ನಕ್ಕ. ಆದರೆ ಕ್ಲಿನಿಕ್ಕಿನ ಗಾಜಿನ ಬಾಗಿಲು ದಾಟಿದ್ದೇ ತಡ, ಅವರು ನೆಟ್ಟಗೆ ನಿಂತು, ಗೋಡೆ ಹಿಡಿಯದೆ, ಕಾಣದ ಆರತಿ ತಟ್ಟೆ ಹಿಡಿದವರ ಹಾಗೆ ಮೆಲ್ಲಗೆ ನಡೆದುಹೋದರು.

"ಹತ್ತರಲ್ಲಿ ನೋವು ಎಷ್ಟು?" ಎಂದು ಡಾಕ್ಟರು ಕೇಳಿದರು. ತಿರುಮಲ ಕನ್ನಡದಲ್ಲಿ ಹೇಳಿದ.

ಅತ್ತಿಗೆ ಯೋಚಿಸಿದರು. "ಹತ್ತು ಅಂದ್ರೆ ಹೆರಿಗೆ ನೋವು. ಇದಕ್ಕೆಲ್ಲ ಎರಡು ಸಾಕು."

"ಅತ್ತಿಗೆ! ಕಾರಲ್ಲಿ ಪ್ರಾಣ ಹೋಗೋ ಹಾಗೆ ಕೂಗ್ತಿದ್ರಲ್ಲ!"

"ಅದು ನಮ್ಮ ಮನೆ ಕಾರು. ಕಂಡವರ ಎದುರಿಗೆ ಕೂಗೋಕಾಗುತ್ತಾ? ಎರಡು ಅಂತ ಹೇಳು."

ಮೆಟ್ಟಿಲು ಹತ್ತುತ್ತೀರಾ? ಹತ್ತುತ್ತಾರಂತೆ. ಅಡುಗೆ? ಯುಗಾದಿಗೆ ನಲವತ್ತು ಜನಕ್ಕೆ ಒಬ್ಬಟ್ಟು ತಟ್ಟಿದ್ದಾರಂತೆ. ಸ್ನಾನಕ್ಕೆ ಸಹಾಯ ಬೇಕೆ? ಈ ಪ್ರಶ್ನೆಗೆ ಅತ್ತಿಗೆ ಉತ್ತರ ಕೊಡದೆ ಡಾಕ್ಟರನ್ನು ದುರುಗುಟ್ಟಿಕೊಂಡು ನೋಡಿದರು. ಆಪರೇಷನ್ ಆದ ಮೇಲೆ ಯಾರಾದರೂ ನೋಡಿಕೊಳ್ಳಬೇಕಲ್ಲ ಎಂದಾಗ, "ಯಾಕೆ? ನಂಗೇನಾಗಿದೆ?" ಎಂದು ನಕ್ಕರು.

ಬರೆದುಕೊಳ್ಳುತ್ತಿದ್ದ ಸಹಾಯಕಿ ತಿರುಮಲನ ಕಡೆ ತಿರುಗಿ, "ನೀವು ಮಗನೆ?" ಎಂದಳು.

"ಹೌದು," ಎಂದ ತಿರುಮಲ.

ಈಗ ಅತ್ತಿಗೆಗೆ ಒಮ್ಮೆಲೇ ಇಂಗ್ಲಿಷ್ ಬಂತು. "ನೋ, ನೋ. ನಾಟ್ ಸನ್. ಹಸ್ಬೆಂಡ್ ಬ್ರದರ್." ಆಮೇಲೆ ಮೈದುನನಿಗೆ ಮೆಲುದನಿಯಲ್ಲಿ, "ಡಾಕ್ಟ್ರ ಹತ್ರ ಸುಳ್ಳು ಹೇಳಬಾರದು ಕಣೋ," ಎಂದು ಬುದ್ಧಿ ಹೇಳಿದರು.

ಮುಂದಿನ ವಾರ ಹೂಸ್ಟನ್ನಿನಿಂದ ಪತ್ರ ಬಂತು. ಬರೆದವಳು ಸಿಬ್ಬಂದಿ ವಿಭಾಗದ ಡೆಬ್ರಾ. ಹನ್ನೊಂದು ವರ್ಷದಲ್ಲಿ ತಿರುಮಲನಿಗೆ ಅವಳಿಂದ ಬಂದಿದ್ದೆಲ್ಲ ಹುಟ್ಟುಹಬ್ಬದ ಶುಭಾಶಯ, ಜೊತೆಗೊಂದು ಕೇಕು ಮಾತ್ರ. ಈ ಪತ್ರ ಆ ಜಾತಿಯದ್ದಲ್ಲ. ಪ್ರಮಾಣಪತ್ರದಲ್ಲಿ ಕೊರತೆಗಳಿವೆ, ಏಳು ದಿನದೊಳಗೆ ಸರಿಪಡಿಸದಿದ್ದರೆ ರಜೆ ಇಲ್ಲ, ಮೊದಲು ಫೋನ್ ಮಾಡಿ ಎಂದಿತ್ತು. ತಿರುಮಲ ಫೋನ್ ಮಾಡಿದ.

"ಮಿಸ್ಟರ್ ತಿರುಮಲ," ಎಂದಳು ಡೆಬ್ರಾ, ಒಡೆಯುವ ವಸ್ತುವನ್ನು ಮೇಜಿನ ಮೇಲೆ ಇಡುವಷ್ಟು ಮೆಲ್ಲಗೆ. "ಮೊದಲನೆಯದು. ನೋಡಿಕೊಳ್ಳಲು ಯಾರೂ ಬೇಕಿಲ್ಲ ಎಂದು ರೋಗಿ ಹೇಳಿದರು ಎಂದು ಡಾಕ್ಟರು ಬರೆದಿದ್ದಾರೆ. ಎರಡನೆಯದು. ನೀವು ತಾಯಿ ಎಂದು ಬರೆದಿದ್ದೀರಿ, ಕ್ಲಿನಿಕ್ಕಿನವರು ಜೊತೆಗೆ ಬಂದದ್ದು ಗಂಡನ ತಮ್ಮ ಎಂದು ಬರೆದಿದ್ದಾರೆ. ಮೂರನೆಯದು." ಅವಳು ನಿಲ್ಲಿಸಿದಳು. "ಪ್ರತಿ ಪುಟದ ನೆತ್ತಿಯಲ್ಲೂ ರೋಗಿ ಹುಟ್ಟಿದ ದಿನಾಂಕ ಇದೆ. ಸಾವಿರದ ಒಂಬೈನೂರ ಅರವತ್ತೊಂಬತ್ತು, ಜನವರಿ ಒಂದು. ನಿಮ್ಮದು ನಮ್ಮ ಕಡತದಲ್ಲಿದೆ. ಎಪ್ಪತ್ತೇಳು, ಮೇ ಹನ್ನೆರಡು."

"ಹೌದು."

"ಎಂಟು ವರ್ಷ ಮಿಸ್ಟರ್ ತಿರುಮಲ. ನಿಮ್ಮ ತಾಯಿಗೆ ನೀವು ಹುಟ್ಟಿದಾಗ ಎಂಟು ವರ್ಷ."

ತಿರುಮಲನಿಗೆ ಗಾಬರಿಯಾಯಿತು. ಆದರೆ ತಕ್ಷಣವೇ ಸಮಾಧಾನವೂ ಆಯಿತು, ಏಕೆಂದರೆ ಇದಕ್ಕೆ ನಿಜವಾದ ಉತ್ತರವಿತ್ತು. ಗಾಬರಿಯಾದಾಗ ನಿಜ ಹೇಳಬೇಕು ಎಂದು ಹಿರಿಯರು ಹೇಳಿದ್ದಾರೆ. ಯಾರಿಗೆ ಹೇಳಬಾರದು ಎಂದು ಅವರು ಹೇಳಿಲ್ಲ.

"ಅಯ್ಯೋ, ಅದಾ!" ಎಂದ. "ಅದು ಸುಳ್ಳು ತಾರೀಕು ಮೇಡಂ. ಅವರ ವಯಸ್ಸು ಅರವತ್ತರ ಮೇಲೆ. ಮತದಾರರ ಚೀಟಿ ಬರೆಯೋಕೆ ಬಂದವನು ಮುಖ ನೋಡಿ ಐದು ವರ್ಷ ಕಮ್ಮಿ ಬರೆದ. ಅವರಿಗೆ ಸಂತೋಷವಾಯಿತು, ಹಾಗೇ ಬಿಟ್ಟರು. ಪಾಸ್‌ಪೋರ್ಟಿಗೂ ಅದೇ ಹೋಯಿತು."

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು.

"ನನ್ನದೂ ಸುಳ್ಳೇ," ಎಂದ ತಿರುಮಲ, ಅವಳಿಗೆ ಇನ್ನಷ್ಟು ನೆರವಾಗಲೆಂದು.

ಕೀಬೋರ್ಡ್ ನಿಂತಿತು. "ಮೇ ಹನ್ನೆರಡು ಸುಳ್ಳೆ? ಹನ್ನೊಂದು ವರ್ಷ ನಾವು ಕಳಿಸಿದ ಕೇಕು?"

"ಕೇಕು ಚೆನ್ನಾಗಿತ್ತು ಮೇಡಂ. ತಾರೀಕು ಸ್ಕೂಲಿನವರು ಹಾಕಿದ್ದು."

"ಹಾಗಾದರೆ ನೀವು ನಿಜವಾಗಿ ಹುಟ್ಟಿದ್ದು ಯಾವಾಗ?"

"ದೀಪಾವಳಿಯ ಆಸುಪಾಸು."

"ದೀಪಾವಳಿ ಎಷ್ಟನೇ ತಾರೀಕು?"

"ಅದು ಪ್ರತಿ ವರ್ಷ ಬೇರೆ ಬೇರೆ ಮೇಡಂ."

ಡೆಬ್ರಾ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. ಕೊನೆಗೆ, ಇದು ಫೋನಿನಲ್ಲಿ ಮುಗಿಯುವ ಸಂಗತಿಯಲ್ಲ, ಸೋಮವಾರ ಹತ್ತೂವರೆಗೆ ಹೂಸ್ಟನ್ನಿಗೆ ಬನ್ನಿ, ಕಾನೂನು ವಿಭಾಗದ ಮಿಸ್ಟರ್ ವಿಟ್‌ಫೀಲ್ಡ್ ಕೂಡ ಇರುತ್ತಾರೆ ಎಂದಳು. ಸುಳ್ಳು ಪ್ರಮಾಣಪತ್ರ ಕೊಟ್ಟವರನ್ನು ಕೆಲಸದಿಂದ ತೆಗೆಯುವುದೂ ಉಂಟು ಎಂದು, ಹವಾಮಾನ ಹೇಳುವ ದನಿಯಲ್ಲಿ, ಸೇರಿಸಿದಳು.

ಮೂರನೆಯ ಕೈ ಸೇರಿಸಿದ್ದು ಕ್ಯಾರಲ್ಟನ್ ಕನ್ನಡ ಬಳಗದ ವಾಟ್ಸಾಪ್ ಗುಂಪು. ತನಗೊಬ್ಬನಿಗೇ ಹೀಗಾಗಿಲ್ಲ ಎಂದು ಸಾಬೀತು ಮಾಡಲು ಹೊರಟ ತಿರುಮಲ, "ನಿಮ್ಮಲ್ಲಿ ಯಾರ್ಯಾರಿಗೆ ಸುಳ್ಳು ಜನ್ಮದಿನಾಂಕ ಇದೆ? ದಯವಿಟ್ಟು ಹೆಸರು ಬರೆಯಿರಿ. ಹೂಸ್ಟನ್ ಕಚೇರಿಗೆ ಪಟ್ಟಿ ಕೊಡಬೇಕು," ಎಂದು ಹಾಕಿದ.

ಮೊದಲ ಎರಡು ನಿಮಿಷ ಉತ್ಸಾಹವೋ ಉತ್ಸಾಹ. ಜೂನ್ ಒಂದು, ಜೂನ್ ಒಂದು, ನನ್ನದೂ ಜೂನ್ ಒಂದು. ಹತ್ತೊಂಬತ್ತು ಜನ ಒಂದೇ ದಿನ ಹುಟ್ಟಿದ್ದರು. ಶಾಲೆ ಶುರುವಾಗುವ ದಿನವನ್ನೇ ಮೇಷ್ಟ್ರುಗಳು ಕಣ್ಣು ಮುಚ್ಚಿ ಬರೆದುಕೊಂಡಿದ್ದರು. "ರೆಕಾರ್ಡ್ ಪ್ರಕಾರ ನಾನು ನಮ್ಮಣ್ಣನಿಗಿಂತ ನಾಲ್ಕೇ ತಿಂಗಳು ಚಿಕ್ಕವನು," ಎಂದು ಶ್ರೀಶೈಲ್ ಹೆಮ್ಮೆಯಿಂದ ಬರೆದ. ಆಮೇಲೆ ಯಾರೋ "ಹೂಸ್ಟನ್ ಕಚೇರಿ" ಎಂಬ ಪದಗಳನ್ನು ಎರಡನೆಯ ಸಲ ಓದಿದರು. ಗುಂಪಿನ ಹಿರಿಯರಾದ ರಾಜಗೋಪಾಲರು, "ಎಲ್ಲರೂ ತಕ್ಷಣ ಡಿಲೀಟ್ ಮಾಡಿ. ನಾನು ಹುಟ್ಟಿದ್ದು ಜೂನ್ ಒಂದರಂದೇ, ನಮ್ಮಮ್ಮ ನೋಡಿದ್ದಾರೆ," ಎಂದು ಬರೆದರು. ಹತ್ತು ನಿಮಿಷದಲ್ಲಿ ಗುಂಪಿನಲ್ಲಿ ಉಳಿದದ್ದು ತಿರುಮಲನ ಪ್ರಶ್ನೆ ಮತ್ತು ಒಂದು ಸೀಮಂತದ ಆಮಂತ್ರಣ.

"ನಂಗೊಂದು ಅರ್ಥ ಆಗ್ತಿಲ್ಲ ರೀ," ಎಂದಳು ಅವನ ಹೆಂಡತಿ ಸುಚೇತಾ. "ಎಲ್ಲರದ್ದೂ ಜೂನ್ ಒಂದು. ನಿಮಗೊಬ್ಬರಿಗೆ ಮೇ ಹನ್ನೆರಡು ಯಾಕೆ ಹಾಕಿದ್ರು?"

"ಮೇಷ್ಟ್ರಿಗೆ ಅವತ್ತು ಏನು ಅನ್ನಿಸ್ತೋ," ಎಂದ ತಿರುಮಲ. ಹಾಗೊಂದು ಪ್ರಶ್ನೆ ಇದೆಯೆಂಬುದೇ ಅವನಿಗೆ ಇದುವರೆಗೆ ಹೊಳೆದಿರಲಿಲ್ಲ.

ಸುದ್ದಿ ಜಾರ್ಜ್‌ಟೌನ್ ತಲುಪಿತು. ತಲುಪಿಸಿದವನು ಕಲ್ಮೇಶ. ಅತ್ತಿಗೆ ತಕ್ಷಣ ಫೋನ್ ಮಾಡಿದರು.

"ತಿರುಮಲ, ಆಪರೇಷನ್ ಬೇಡ ಅಂತ ಹೇಳಿಬಿಡು ಡಾಕ್ಟ್ರಿಗೆ."

"ಯಾಕತ್ತಿಗೆ?"

"ನನ್ನ ಮಂಡಿಗೋಸ್ಕರ ನಿನ್ನ ಕೆಲಸ ಹೋಗೋದು ಬೇಡ. ಈ ಮಂಡಿಗೆ ಎಷ್ಟು ದಿನ ಆಯಸ್ಸಿದೆಯೋ ಅಷ್ಟು ದಿನ ನಡೀಲಿ."

"ಡಾಕ್ಟ್ರು ಇನ್ನಾರು ತಿಂಗಳಲ್ಲಿ ನಡೆಯೋಕೇ ಆಗಲ್ಲ ಅಂದಿದಾರೆ."

"ಕೂತ್ಕೋತೀನಿ," ಎಂದರು ಅತ್ತಿಗೆ. ತಿರುಮಲನಿಗೆ ಕೆಲಸ ಹೋಗುವುದಕ್ಕಿಂತ ಈ ಮಾತಿಗೆ ಹೆಚ್ಚು ಭಯವಾಯಿತು. ಅತ್ತಿಗೆ ಕೂತದ್ದನ್ನು ಅವನು ಜೀವಮಾನದಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ.

ಸೋಮವಾರದ ಹೂಸ್ಟನ್ ಪ್ರಯಾಣಕ್ಕೆ ಅತ್ತಿಗೆಯೂ ಹೊರಟರು. ತನ್ನ ಮಂಡಿಯ ವಿಷಯವನ್ನು ತನ್ನನ್ನು ಬಿಟ್ಟು ಮಾತಾಡುವುದೇನು ಎಂಬುದು ಅವರ ವಾದ. ಕೈಯಲ್ಲೊಂದು ಹಳೆಯ ಪ್ಲಾಸ್ಟಿಕ್ ಚೀಲವಿತ್ತು. ಹೂಸ್ಟನ್ ಹತ್ತಿರವಾಗುತ್ತಿದ್ದಂತೆ, ದೊಡ್ಡ ಮನುಷ್ಯರ ಹತ್ತಿರ ಬರಿಗೈಯಲ್ಲಿ ಹೋಗಬಾರದೆಂದು ಹಟ ಹಿಡಿದು, ನಮ್ಮವರ ಅಂಗಡಿಗಳಿರುವ ಸ್ಟಾಫರ್ಡ್‌ವರೆಗೆ ಸುತ್ತಿಸಿ ಒಂದು ಡಬ್ಬಿ ಮೈಸೂರು ಪಾಕು ಕೊಳ್ಳಿಸಿದರು. ಸಿಹಿಗೂ ತನಿಖೆಗೂ ಸಂಬಂಧವಿರಬಾರದು ಎಂಬುದು ತಿರುಮಲನಿಗೆ ಹೊಳೆಯಲಿಲ್ಲ. ನಾಲ್ಕನೆಯ ಕೈ ಎಂದರೆ ಆ ಡಬ್ಬಿ.

ಮಿಸ್ಟರ್ ವಿಟ್‌ಫೀಲ್ಡ್ ಉದ್ದಕ್ಕೆ, ತೆಳ್ಳಗೆ ಇದ್ದರು. ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಇಟ್ಟರು. ಅವರು ಪೆನ್ಸಿಲಿನ ತುದಿಯಿಂದ ಅದನ್ನು ಮೇಜಿನ ನಡುವಿಗೆ ತಳ್ಳಿ, ವಿಚಾರಣೆಯ ಸಮಯದಲ್ಲಿ ಉಡುಗೊರೆ ಸ್ವೀಕರಿಸುವಂತಿಲ್ಲ ಎಂದರು.

"ಸಕ್ಕರೆ ಕಾಯಿಲೆಯಾ ಇವರಿಗೆ?" ಎಂದು ಅತ್ತಿಗೆ ಕನಿಕರದಿಂದ ಕೇಳಿದರು. ತಿರುಮಲ ಇದನ್ನು ಅನುವಾದಿಸಲಿಲ್ಲ. ಆ ವಾರ ಅವನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಡೆಬ್ರಾ ಅರವತ್ತರ ಹತ್ತಿರದ, ಬೆಳ್ಳಿ ಕೂದಲಿನ ಹೆಂಗಸು. ಅತ್ತಿಗೆ ಕುರ್ಚಿಯ ಎರಡೂ ತೋಳು ಹಿಡಿದು, ಬಲಗಾಲನ್ನು ಮುಂದಕ್ಕೆ ಚಾಚಿ, ಉಸಿರು ಬಿಗಿಹಿಡಿದು ಕೂತದ್ದನ್ನು ಅವಳು ನೋಡಿದಳು. "ನಾನು ಡಾಕ್ಟರಲ್ಲ, ಅದರ ಬಗ್ಗೆ ಏನೂ ಹೇಳುವಂತಿಲ್ಲ," ಎಂದಳು. "ಆದರೆ ನನ್ನ ಎರಡೂ ಮಂಡಿ ಬದಲಾಗಿವೆ. ಅದಕ್ಕೆ ಮುಂಚೆ ನಾನೂ ಹೀಗೇ ಕೂರುತ್ತಿದ್ದೆ."

ವಿಟ್‌ಫೀಲ್ಡ್ ಕೆಮ್ಮಿದರು. ವಿಚಾರಣೆ ಶುರುವಾಯಿತು.

"ಇವರು ನಿಮ್ಮ ತಾಯಿಯೇ?"

"ಅಲ್ಲ. ಅಣ್ಣನ ಹೆಂಡತಿ."

"ಹಾಗಾದರೆ ತಾಯಿ ಎಂದು ಏಕೆ ಬರೆದಿರಿ?"

"ಚೌಕ ಇರಲಿಲ್ಲ," ಎಂದ ತಿರುಮಲ. ಕಲ್ಮೇಶನ ಲೆಕ್ಕವನ್ನೂ ಹೇಳಹೊರಟು, ವಿಟ್‌ಫೀಲ್ಡ್ ಬರೆದುಕೊಳ್ಳುವುದನ್ನು ಕಂಡು ನಿಲ್ಲಿಸಿದ.

ಡೆಬ್ರಾ ಮುಂದಕ್ಕೆ ಬಾಗಿದಳು. "ನೀವು ಚಿಕ್ಕವರಿದ್ದಾಗ ನಿಮ್ಮನ್ನು ಸಾಕಿದವರು ಯಾರು? ಯೋಚಿಸಿ ಹೇಳಿ."

ತಿರುಮಲ ಯೋಚಿಸಿದ. ಈ ಸಲ ಎಲ್ಲಿಯೂ ತಪ್ಪಬಾರದು, ಕಲ್ಮೇಶನಿಗೆ ಕೊಟ್ಟ ಉತ್ತರವನ್ನಂತೂ ಕೊಡಬಾರದು ಎಂದು ಬಹಳ ಎಚ್ಚರ ವಹಿಸಿದ. "ಯಾರೂ ಸಾಕಲಿಲ್ಲ ಮೇಡಂ. ಅಮ್ಮ ಇರಲಿಲ್ಲ. ಅಪ್ಪ ರೈಲ್ವೆ ಗಾರ್ಡು, ಮನೆಯಲ್ಲಿ ಇರುತ್ತಲೇ ಇರಲಿಲ್ಲ, ನನಗೆ ಹತ್ತು ವರ್ಷವಾದಾಗ ಹೋಗಿಬಿಟ್ಟರು. ಅಣ್ಣನಿಗೆ ಆಫೀಸು. ನಾನೇ ಬೆಳೆದೆ. ಮನೆಯಲ್ಲಿ ಅತ್ತಿಗೆ ಇದ್ದರು, ಅಷ್ಟೆ."

"ಅವರು ಏನು ಮಾಡುತ್ತಿದ್ದರು?"

"ವಿಶೇಷವಾಗಿ ಏನೂ ಇಲ್ಲ. ಬೆಳಿಗ್ಗೆ ಎಬ್ಬಿಸುತ್ತಿದ್ದರು. ಸ್ನಾನ ಮಾಡಿಸಿ, ತಲೆ ಬಾಚಿ, ತಿಂಡಿ ಕೊಟ್ಟು, ಸ್ಕೂಲಿಗೆ ಬಿಟ್ಟು ಬರುತ್ತಿದ್ದರು. ಟೈಫಾಯ್ಡ್ ಆದಾಗ ಇಪ್ಪತ್ತೊಂದು ದಿನ ಪಕ್ಕದಲ್ಲಿ ಕೂತಿದ್ದರು. ಕಾಲೇಜಿಗೆ ಸೇರಿಸುವಾಗ ಅವರದ್ದೊಂದು ಜೊತೆ ಬಳೆ ಇತ್ತು, ಆಮೇಲೆ ಇರಲಿಲ್ಲ. ಅಷ್ಟೇ ಮೇಡಂ. ಬೇರೆ ಏನೂ ಮಾಡಲಿಲ್ಲ."

ವಿಟ್‌ಫೀಲ್ಡರ ಪೆನ್ಸಿಲು ನಿಂತಿತು.

"ಮಿಸ್ಟರ್ ತಿರುಮಲ," ಎಂದಳು ಡೆಬ್ರಾ ನಿಧಾನವಾಗಿ, "ಅದಕ್ಕೇ ಸಾಕುವುದು ಎನ್ನುತ್ತಾರೆ."

ಅವಳು ಫಾರಂನ ಎರಡನೆಯ ಪುಟ ತಿರುಗಿಸಿ, ಸಣ್ಣ ಅಕ್ಷರದ ಆ ಮೂರು ಸಾಲುಗಳ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಚಿಕ್ಕಂದಿನಲ್ಲಿ ತಂದೆ ತಾಯಿಯ ಸ್ಥಾನದಲ್ಲಿ ನಿಂತು ಸಾಕಿದವರು ಯಾರೇ ಆಗಿರಲಿ, ರಕ್ತಸಂಬಂಧ ಇಲ್ಲದಿದ್ದರೂ, ಈ ರಜೆಯ ಮಟ್ಟಿಗೆ ತಾಯಿಯೇ. ಕಂಪನಿ ಕೇಳಿದರೆ ನೌಕರ ಅದನ್ನು ಒಂದು ವಾಕ್ಯದಲ್ಲಿ ಬರೆದುಕೊಟ್ಟರೆ ಸಾಕು.

"ನೀವು ಮೊದಲ ದಿನವೇ 'ನನ್ನನ್ನು ಸಾಕಿದ ಅತ್ತಿಗೆ' ಎಂದು ಬರೆದಿದ್ದರೆ ನಾವು ಯಾರೂ ಇಲ್ಲಿ ಕೂರುತ್ತಿರಲಿಲ್ಲ," ಎಂದರು ವಿಟ್‌ಫೀಲ್ಡ್. ಅವರಿಗೆ ಸ್ವಲ್ಪ ನಿರಾಶೆಯಾದಂತಿತ್ತು.

"ಏನಂತೆ?" ಎಂದರು ಅತ್ತಿಗೆ. ತಿರುಮಲ ವಿವರಿಸಿದ. ಬರೆದುಕೊಟ್ಟರೆ ಸಾಕಂತೆ ಎಂದರೂ ಅವರು ನಂಬಲಿಲ್ಲ. ಸರ್ಕಾರದ ಕೆಲಸ ದಾಖಲೆಯಿಲ್ಲದೆ ಆಗುವುದುಂಟೇ? ಪ್ಲಾಸ್ಟಿಕ್ ಚೀಲ ಬಿಚ್ಚಿ, ದಾರ ಕಟ್ಟಿದ ಒಂದು ಕಂತೆ ತೆಗೆದು, ಮೈಸೂರು ಪಾಕಿನ ಪಕ್ಕದಲ್ಲಿಟ್ಟರು.

ತಿರುಮಲನ ಪ್ರಗತಿ ಪತ್ರಗಳು. ಒಂದನೆಯ ಕ್ಲಾಸಿನಿಂದ ಹತ್ತನೆಯ ಕ್ಲಾಸಿನವರೆಗೆ, ಒಂದೂ ತಪ್ಪಿಲ್ಲ. ಪ್ರತಿಯೊಂದರ ಕೆಳಗೂ ಪೋಷಕರ ಸಹಿ ಎಂದಿದ್ದ ಜಾಗದಲ್ಲಿ ಅನಸೂಯ. ಮೊದಲ ವರ್ಷದ್ದು ಅಂಕುಡೊಂಕು, ಆಮೇಲಾಮೇಲೆ ದುಂಡಗೆ. ಇವುಗಳನ್ನು ಅತ್ತಿಗೆ ಇಟ್ಟುಕೊಂಡಿದ್ದಾರೆಂದು, ಇಷ್ಟು ದೂರ ತಂದಿದ್ದಾರೆಂದು ತಿರುಮಲನಿಗೆ ಗೊತ್ತೇ ಇರಲಿಲ್ಲ. ಅವನು ಒಂದನ್ನು ಎತ್ತಿಕೊಂಡು ಆ ಸಹಿಯ ಮೇಲೆ ಬೆರಳಾಡಿಸಿದ.

ಡೆಬ್ರಾ ಒಂದೊಂದೇ ನೋಡಿದಳು. ಭಾಷೆ ತಿಳಿಯದಿದ್ದರೂ ಅಂಕಿಗಳು ತಿಳಿದವು. "ಈ ಸಾಲು ಯಾವ ವಿಷಯ? ಹದಿನೆಂಟು, ಹನ್ನೊಂದು, ಇಪ್ಪತ್ತೆರಡು?"

"ಲೆಕ್ಕ," ಎಂದ ತಿರುಮಲ.

"ಎಂಟು ವರ್ಷದ ತಾಯಿ ನಿಮಗೆ ಏಕೆ ವಿಚಿತ್ರ ಅನ್ನಿಸಲಿಲ್ಲ ಎಂದು ಈಗ ಗೊತ್ತಾಯಿತು," ಎಂದಳು ಡೆಬ್ರಾ. ವಿಟ್‌ಫೀಲ್ಡ್ ನಗು ತಡೆಯಲು ಮೈಸೂರು ಪಾಕಿನ ಕಡೆ ನೋಡಿದರು. ವಿಚಾರಣೆ ಮುಗಿದಿದೆಯೇ ಎಂದು ಡೆಬ್ರಾಳನ್ನು ಕೇಳಿ, ಮುಗಿದಿದೆ ಎಂದ ಮೇಲೆ ಒಂದು ತುಂಡು ತೆಗೆದುಕೊಂಡರು.

ಇನ್ನೂ ಎರಡು ಬಾಕಿ ಎಂದಳು ಡೆಬ್ರಾ. ಅಪಾಯದ ಮಾತು ಹೋಗಿತ್ತು, ಆದರೆ ಕಡತದ ಮಾತು ಉಳಿದಿತ್ತು. ಜನ್ಮದಿನಾಂಕದ ತಿದ್ದುಪಡಿ ಫಾರಂ ಒಂದನ್ನು ಕೊಟ್ಟು, ಆತುರವಿಲ್ಲ, ನಿಜವಾದ ದಿನ ಯಾವುದೆಂದು ವಿಚಾರಿಸಿ ತುಂಬಿ ಎಂದಳು. ಆದರೆ ಡಾಕ್ಟರ ಪ್ರಮಾಣಪತ್ರ ಶುಕ್ರವಾರದೊಳಗೆ ಸರಿಯಾಗಿ ಬರಲೇಬೇಕು.

ಕಾರಿಗೆ ಬಂದ ಮೇಲೆ ಅತ್ತಿಗೆ ಕೇಳಿದರು. "ಕೊನೇಲಿ ಏನೋ ಅಂದಳಲ್ಲ ಆ ಯಮ್ಮ?"

"ನಿಮಗೆ ನೋವೇ ಇಲ್ಲ, ಯಾರೂ ಬೇಡ ಅಂತ ಡಾಕ್ಟ್ರು ಬರ್ಕೊಂಡಿದಾರೆ. ಹಾಗಿದ್ರೆ ನಂಗೆ ರಜ ಇಲ್ಲ."

"ನಂಗೆ ನೋವಿದೆ ಅಂದ್ರೆ ನಿಂಗೆ ರಜ ಸಿಗುತ್ತಾ?"

"ಹೂಂ."

"ನಿಂಗೆ ಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತೋ ಮಂಕೆ?"

ಬುಧವಾರ ಆಸ್ಟಿನ್ನಿನಲ್ಲಿ ಅತ್ತಿಗೆ ಹಳೆಯ ನೂಲಿನ ಸೀರೆ ಉಟ್ಟಿದ್ದರು. ಬಾಗಿಲಿನಿಂದ ಕುರ್ಚಿಯವರೆಗೆ ತಿರುಮಲನ ಭುಜ ಹಿಡಿದು ನಡೆದರು. ಹತ್ತರಲ್ಲಿ ಎಷ್ಟು ಎಂದಾಗ ಬಾಗಿಲ ಕಡೆ ನೋಡಿದರು, ನೆಲ ನೋಡಿದರು, ತಿರುಮಲನನ್ನು ನೋಡಿದರು. "ಒಂಬತ್ತು," ಎಂದರು. ಅದು ಸುಳ್ಳಲ್ಲವೆಂದು ಆ ದನಿಯಲ್ಲೇ ಗೊತ್ತಾಗುತ್ತಿತ್ತು. ಮೆಟ್ಟಿಲು ಕೂತು ಕೂತು ಇಳಿಯುತ್ತೇನೆ ಎಂದರು. ಒಬ್ಬಟ್ಟು ತಟ್ಟಿದ ಮೇಲೆ ಮೂರು ದಿನ ಎದ್ದಿರಲಿಲ್ಲ ಎಂದರು. ಸ್ನಾನದ ಪ್ರಶ್ನೆಗೆ ಈ ಸಲ, ತಲೆ ತಗ್ಗಿಸಿಕೊಂಡು, ಉತ್ತರ ಕೊಟ್ಟರು. ತಿರುಮಲನಿಗೆ ಅನುವಾದ ಮಾಡುವುದು ಕಷ್ಟವಾಯಿತು. ಹದಿನೇಳು ಹಳ್ಳ ಎಣಿಸಿ ನಕ್ಕಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಸಹಾಯಕಿ ಹಳೆಯ ಹಾಳೆ ನೋಡಿ, "ನೋಡಿಕೊಳ್ಳುವವರು ಗಂಡನ ತಮ್ಮ, ಅಲ್ಲವೇ?" ಎಂದಳು.

"ನೋ, ನೋ," ಎಂದರು ಅತ್ತಿಗೆ. "ಸನ್."

ಸಹಾಯಕಿ ಹಾಳೆಯ ನೆತ್ತಿಯಲ್ಲಿದ್ದ ಜನ್ಮದಿನಾಂಕ ನೋಡಿದಳು, ತಿರುಮಲನ ಬೊಕ್ಕತಲೆ ನೋಡಿದಳು, ಏನೂ ಕೇಳದೆ ಬರೆದುಕೊಂಡಳು.

ಗುರುವಾರ ರಜೆ ಮಂಜೂರಾಯಿತು. ಇಪ್ಪತ್ತನಾಲ್ಕಕ್ಕೆ ಆಪರೇಷನ್ ಆಯಿತು. ತಿರುಮಲ ಜಾರ್ಜ್‌ಟೌನ್‌ಗೆ ಬಂದು, ಬೆಳಿಗ್ಗೆ ಎಬ್ಬಿಸುವುದು, ತಿಂಡಿ ಕೊಡುವುದು, 'ಇನ್ನೊಂದು ಹತ್ತು ಹೆಜ್ಜೆ' ಎಂದು ಗದರುವುದು, ಎಲ್ಲ ಮಾಡುತ್ತಿದ್ದ. ಅತ್ತಿಗೆಯ ಬೈಗುಳಕ್ಕೇನೂ ಕೊರತೆ ಇರಲಿಲ್ಲ.

ಮೇ ಹನ್ನೆರಡರಂದು ಅವನು ಉಪ್ಪಿಟ್ಟು ಕೆದಕುತ್ತಿದ್ದಾಗ ಫೋನಿಗೆ ಡೆಬ್ರಾಳ ಶುಭಾಶಯ ಬಂತು. "ಹುಟ್ಟುಹಬ್ಬದ ಶುಭಾಶಯಗಳು, ಇದು ಯಾವ ದಿನವಾದರೂ ಆಗಿರಲಿ. ತಿದ್ದುಪಡಿ ಫಾರಂ ಇನ್ನೂ ಬಂದಿಲ್ಲ."

"ಅತ್ತಿಗೆ," ಎಂದ ತಿರುಮಲ ಸೌಟು ಹಿಡಿದುಕೊಂಡೇ. "ಎಲ್ಲ ಮಕ್ಕಳಿಗೂ ಜೂನ್ ಒಂದು ಹಾಕೋ ಮೇಷ್ಟ್ರು ನಂಗೊಬ್ಬನಿಗೆ ಮೇ ಹನ್ನೆರಡು ಯಾಕೆ ಹಾಕಿದ್ರು?"

ಅತ್ತಿಗೆ ವಾಕರ್ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಬಂದಿದ್ದರು. "ಮೇಷ್ಟ್ರಲ್ಲ. ನಾನು ಹೇಳಿದ್ದು."

"ನೀವಾ?"

"ಹೂಂ. ನಿಮ್ಮಪ್ಪ ಡ್ಯೂಟಿ ಮೇಲೆ ಹೋಗಿದ್ರು, ನಿಮ್ಮಣ್ಣಂಗೆ ಆಫೀಸು. ನಾನೇ ನಿನ್ನ ಕರ್ಕೊಂಡು ಹೋದೆ ಸ್ಕೂಲಿಗೆ ಸೇರಿಸೋಕೆ. ಹುಡುಗ ಯಾವತ್ತು ಹುಟ್ಟಿದ್ದು ಅಂತ ಕೇಳಿದ್ರು ಹೆಡ್‌ಮಾಸ್ಟ್ರು. ನಂಗೇನು ಗೊತ್ತು? ಮದುವೆಯಾಗಿ ಬಂದು ತಿಂಗಳಾಗಿರ್ಲಿಲ್ಲ. ಗೊತ್ತಿಲ್ಲ ಅಂದ್ರೆ, ಹಾಗಾದ್ರೆ ನೀನ್ಯಾರಮ್ಮ ಅಂತ ಕೇಳ್ತಾರಲ್ಲ. ನಾಚಿಕೆ ಆಯ್ತು. ಬಾಯಿಗೆ ಬಂದ ತಾರೀಕು ಹೇಳಿದೆ. ವರ್ಷ ಅವರೇ ನಿನ್ನ ಹಲ್ಲು ನೋಡಿ ಬರ್ಕೊಂಡ್ರು."

"ಆ ತಾರೀಕೇ ಯಾಕೆ ಬಾಯಿಗೆ ಬಂತು?"

"ಅವತ್ತೇ ಕಣೋ ನಾನು ಆ ಮನೆ ಹೊಸಿಲು ದಾಟಿದ್ದು. ಸೇರು ಒದ್ದು ಒಳಗೆ ಬರ್ತೀನಿ, ಎದುರಿಗೆ ನೀನು ಚಡ್ಡಿ ಇಲ್ಲದೆ ನಿಂತಿದೀಯ, ಚೆಲ್ಲಿದ ಅಕ್ಕೀನ ಆಯ್ಕೊಂಡು ತಿಂತಾ. ಮೊದಲು ಹೋಗಿ ನಿಂಗೆ ಚಡ್ಡಿ ಹುಡುಕಿದೆ, ಆಮೇಲೆ ದೇವರಿಗೆ ನಮಸ್ಕಾರ ಮಾಡಿದೆ. ತಳ ಹಿಡೀತಿದೆ ನೋಡೋ, ಕೆದಕು."

ತಳ ಹಿಡಿದೇ ಹೋಯಿತು. ಅದನ್ನೇ ಇಬ್ಬರೂ ತಿಂದರು. ಆಮೇಲೆ ತಿರುಮಲ ತಿದ್ದುಪಡಿ ಫಾರಂ ತೆಗೆದು, ಹೆಸರಿನಿಂದ ಶುರುಮಾಡಿ, ಎರಡನೆಯ ಪುಟದ ಸಣ್ಣ ಅಕ್ಷರವನ್ನೂ ಬಿಡದೆ ಓದಿ, ಕಲ್ಮೇಶನನ್ನು ಕೇಳದೆ ತುಂಬಿದ. ಸಹಿ ಕೊನೆಯಲ್ಲಿ ಹಾಕಿದ. ಸರಿಯಾದ ಜನ್ಮದಿನಾಂಕ ಎಂದಿದ್ದ ಕಡೆ ಬರೆದ: "ಮೇ ಹನ್ನೆರಡು. ವಿಚಾರಿಸಿ ನೋಡಿದೆ. ತಿದ್ದುಪಡಿ ಬೇಕಿಲ್ಲ."